48 ಮನೆಯ ಬಾಯಿಪಾಠ ಬಿಡಿ, ಒಂದು ಕಾರಣ ಹಿಡಿಯಿರಿ!

ತಪ್ಪು ಒಪ್ಪಿಕೊಂಡೇ ಮಾತು ಶುರು ಮಾಡುತ್ತೇನೆ.

ನಾನು ಚಾಮರಾಜಪೇಟೆಯಲ್ಲಿ ಒಂದು ಸಣ್ಣ ಪ್ರೆಸ್ ಇಟ್ಟುಕೊಂಡವನು. ಲಗ್ನಪತ್ರಿಕೆ, ಬಿಲ್ ಬುಕ್, ಕರಪತ್ರ, ಶಾಲೆಗಳ ಪ್ರಶ್ನೆಪತ್ರಿಕೆ, ಇದೇ ನನ್ನ ಅನ್ನ. ಓದಿದ್ದು ಪಿಯುಸಿ. ಎರಡು ವರ್ಷದ ಹಿಂದೆ ಜರ್ಮನ್ ಭಾಷೆ ಹೇಳಿಕೊಡುವ ಒಂದು ಟ್ಯೂಷನ್ ಕೇಂದ್ರದವರು ತಮ್ಮ ವ್ಯಾಕರಣದ ನೋಟ್ಸನ್ನು ಅಚ್ಚಿಗೆ ಕೊಟ್ಟರು. 500 ಪ್ರತಿ. ನನಗೆ ಜರ್ಮನ್ ಒಂದಕ್ಷರ ಬಾರದು. ಅಚ್ಚು ಹಾಕುವವನಿಗೆ ಭಾಷೆ ಯಾಕೆ ಬೇಕು, ಕೊಟ್ಟದ್ದನ್ನು ಕೊಟ್ಟ ಹಾಗೆ ಹಾಕಿದರೆ ಸಾಕು ಎಂದುಕೊಂಡೆ.

ಆ ನೋಟ್ಸಿನಲ್ಲಿ ಒಂದು ಕೋಷ್ಟಕ. ಮೂರು ಪಟ್ಟಿ, ಪಟ್ಟಿಗೆ ಹದಿನಾರು ಮನೆ, ಒಟ್ಟು 48 ಮನೆ. ಜರ್ಮನ್ ಭಾಷೆಯಲ್ಲಿ ಗುಣವಾಚಕಕ್ಕೆ, ಅಂದರೆ ಒಳ್ಳೆಯ, ದೊಡ್ಡ, ಹಳೆಯ ಎನ್ನುವಂಥ ಮಾತಿಗೆ, ಯಾವಾಗ ಯಾವ ಬಾಲ ಅಂಟಿಸಬೇಕು ಎಂದು ತೋರಿಸುವ ಪಟ್ಟಿ ಅದು. ನಮ್ಮ ಡಿಟಿಪಿ ಹುಡುಗ ಮೊದಲ ಪಟ್ಟಿಯ ಒಂದು ಸಾಲನ್ನು ಕಾಪಿ ಮಾಡಿ ಮೂರನೆಯ ಪಟ್ಟಿಗೆ ಅಂಟಿಸಿಬಿಟ್ಟ. ಅದರಲ್ಲಿ ಬಹಳಷ್ಟು ತಿದ್ದಿದ, ಎರಡು ಮನೆ ಹಾಗೇ ಉಳಿಯಿತು. ‘ಎಮ್’ ಇರಬೇಕಾದ ಕಡೆ ‘ಎನ್’. ಪ್ರೂಫ್ ನಾನು ನೋಡಿದೆ, ಟ್ಯೂಷನ್‌ನವರೂ ನೋಡಿ ಸಹಿ ಹಾಕಿದರು. ಯಾರ ಕಣ್ಣಿಗೂ ಬೀಳಲಿಲ್ಲ. 500 ಪ್ರತಿ ಅಚ್ಚಾಗಿ, ಬೈಂಡ್ ಆಗಿ, ಹೋಯಿತು.

ಆರು ತಿಂಗಳಾದ ಮೇಲೆ ನನ್ನ ಅಕ್ಕನ ಮಗಳು ಅಳುತ್ತಾ ಪ್ರೆಸ್ಸಿಗೆ ಬಂದಳು. ಬಿಎಸ್ಸಿ ನರ್ಸಿಂಗ್ ಮುಗಿಸಿದ ಹುಡುಗಿ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಜರ್ಮನಿಯ ಆಸ್ಪತ್ರೆ ಕೆಲಸಕ್ಕೆ ಹೋಗಬೇಕೆಂದು ಅದೇ ಟ್ಯೂಷನ್ನಿಗೆ ಸೇರಿದ್ದಳು. ಕೆಲಸ ಕೇಳಿ ಅಲ್ಲಿನ ಒಂದು ಆಸ್ಪತ್ರೆಗೆ ಪತ್ರ ಬರೆದು ಕಳಿಸಿದ್ದಳು. ಆ ಪತ್ರದ ಮೊದಲ ಸಾಲಿನ ಎರಡನೇ ಮಾತಿಗೇ ಬೇರೆ ಮೇಷ್ಟ್ರೊಬ್ಬರು ಕೆಂಪು ಗೆರೆ ಎಳೆದಿದ್ದರು. ಜರ್ಮನಿಯಲ್ಲಿ ಕೆಲಸ ಕೇಳುವವರು ಸಾಮಾನ್ಯವಾಗಿ ‘ಬಹಳ ಆಸಕ್ತಿಯಿಂದ ನಿಮ್ಮ ಜಾಹೀರಾತು ಓದಿದೆ’ ಎಂದು ಶುರು ಮಾಡುತ್ತಾರೆ. ‘ಮಿಟ್ ಗ್ರೋಸೆಮ್ ಇಂಟೆರೆಸ್ಸೆ’ ಎನ್ನಬೇಕು. ಇವಳು ‘ಮಿಟ್ ಗ್ರೋಸೆನ್ ಇಂಟೆರೆಸ್ಸೆ’ ಎಂದು ಬರೆದಿದ್ದಳು.

“ಅಲ್ಲಮ್ಮಾ, ನೋಡಿಕೊಂಡು ಬರೀಬಾರದಾ?” ಎಂದೆ.

“ನೋಡಿಕೊಂಡೇ ಬರೆದದ್ದು ಮಾವ. ನಿಮ್ಮ ಪ್ರೆಸ್ಸಲ್ಲಿ ಅಚ್ಚಾದ ಪುಸ್ತಕದಲ್ಲೇ ಹಾಗಿದೆ” ಎಂದಳು.

ಪುಸ್ತಕ ಬಿಡಿಸಿ ತೋರಿಸಿದಳು. ಹೌದು, ಹಾಗೇ ಇತ್ತು. ಆ ಆಸ್ಪತ್ರೆಯಿಂದ ಉತ್ತರ ಬರಲಿಲ್ಲ. ಒಂದಕ್ಷರಕ್ಕೆ ಯಾರೂ ಕೆಲಸ ನಿರಾಕರಿಸುವುದಿಲ್ಲ ಎಂದು ಎಲ್ಲರೂ ಸಮಾಧಾನ ಹೇಳಿದರು. ಆದರೆ ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಗೆಳೆಯರೇ, ನನ್ನ ಅಪ್ಪ ಮೊಳೆ ಜೋಡಿಸುವ ಕಂಪೋಸಿಟರ್ ಆಗಿದ್ದವರು. ‘ಮೊಳೆ ಸಣ್ಣದು, ಮಾನ ದೊಡ್ಡದು’ ಎನ್ನುತ್ತಿದ್ದರು. ಮರುದಿನವೇ ತಪ್ಪು–ಒಪ್ಪು ಚೀಟಿ ನನ್ನ ಖರ್ಚಿನಲ್ಲೇ ಅಚ್ಚು ಹಾಕಿ, ಟ್ಯೂಷನ್ ಕೇಂದ್ರದ ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೂ ಕೊಟ್ಟೆ. ಅಲ್ಲಿ ನನಗೆ ನಿಜವಾದ ಪೆಟ್ಟು ಬಿತ್ತು. ಆರು ತಿಂಗಳು ಆ ಪುಸ್ತಕ ಓದಿದ ಮಕ್ಕಳಲ್ಲಿ ನಾನು ಮಾತಾಡಿಸಿದ ಒಬ್ಬರಿಗೂ ಅಲ್ಲೊಂದು ತಪ್ಪಿದೆ ಎಂದು ಗೊತ್ತಾಗಿರಲಿಲ್ಲ. ಒಬ್ಬ ಹುಡುಗ ಹೇಳಿದ: “ಸಾರ್, ನಾವು ಬಾಯಿಪಾಠ ಮಾಡ್ಕೊಂಡಿದೀವಿ ಅಷ್ಟೇ. ಯಾಕೆ ಅಂತ ಯಾರೂ ಹೇಳಿಲ್ಲ.”

ಆ ‘ಯಾಕೆ’ ಎಂಬುದನ್ನು ಹುಡುಕಲು ನಲವತ್ತರ ಮೇಲಿನ ಈ ವಯಸ್ಸಿನಲ್ಲಿ ನಾನು ಜರ್ಮನ್ ಕಲಿಯಲು ಕೂತೆ. ರಾತ್ರಿ ಪ್ರೆಸ್ ಬಾಗಿಲು ಹಾಕಿದ ಮೇಲೆ ಒಂದೊಂದು ಗಂಟೆ, ಅಕ್ಕನ ಮಗಳೇ ಗುರು. ನನ್ನ ಮಾತು ಇಷ್ಟೇ: ಆ 48 ಮನೆಯ ಹಿಂದೆ ಇರುವುದು ಒಂದೇ ಕಾರಣ. ಅದನ್ನು ಮೊದಲು ಹೇಳಿಕೊಡದೆ ಕೋಷ್ಟಕ ಉರುಹೊಡೆಸುವುದು ಮಕ್ಕಳಿಗೆ ಮಾಡುವ ಅನ್ಯಾಯ.

ಮೂರು ಲಿಂಗ, ನಾಲ್ಕು ವಿಭಕ್ತಿ

ಮೊದಲು ಅಂಗಳ ಗುಡಿಸಿಕೊಳ್ಳೋಣ. ಜರ್ಮನ್ ಭಾಷೆಯಲ್ಲಿ ನಮ್ಮ ಹಾಗೆಯೇ ಮೂರು ಲಿಂಗ: ಪುಂ, ಸ್ತ್ರೀ, ನಪುಂಸಕ. ಆದರೆ ಒಂದು ವ್ಯತ್ಯಾಸ. ಕನ್ನಡದಲ್ಲಿ ಲಿಂಗ ಅರ್ಥ ನೋಡಿ ಬರುತ್ತದೆ. ಗಂಡಸು ಅವನು, ಹೆಂಗಸು ಅವಳು, ಮೇಜು ಅದು. ಅಲ್ಲಿ ಮಾತು ನೋಡಿ ಬರುತ್ತದೆ. ಮೇಜು ‘ಟಿಶ್’ ಪುಲ್ಲಿಂಗ. ಯಂತ್ರ ‘ಮಶೀನೆ’ ಸ್ತ್ರೀಲಿಂಗ. ಕಾಗದ ‘ಪಾಪೀರ್’ ನಪುಂಸಕ. ಹುಡುಗಿ ‘ಮೇಡ್‌ಶೆನ್’ ಕೂಡ ನಪುಂಸಕ! ಇದಕ್ಕೆ ಉಪಾಯವಿಲ್ಲ. ಪ್ರತಿ ನಾಮಪದವನ್ನೂ ಅದರ ಲಿಂಗದೊಡನೆಯೇ ಕಲಿಯಬೇಕು.

ವಿಭಕ್ತಿ ನಾಲ್ಕೇ. ನೊಮಿನಾಟಿವ್ ಎಂದರೆ ನಮ್ಮ ಪ್ರಥಮಾ. ಆಕ್ಕುಸಾಟಿವ್ ನಮ್ಮ ದ್ವಿತೀಯಾ, ‘ಅನ್ನು’. ಡಾಟಿವ್ ನಮ್ಮ ಚತುರ್ಥೀ, ‘ಗೆ, ಕೆ’. ಗೆನಿಟಿವ್ ನಮ್ಮ ಷಷ್ಠೀ, ‘ಅ’. ಏಳು ವಿಭಕ್ತಿ ಓದಿ ಬಂದ ಕನ್ನಡದ ಹುಡುಗನಿಗೆ ನಾಲ್ಕು ಹೆಚ್ಚೇ? ಎಲ್ಲವೂ ಒಂದಕ್ಕೊಂದು ಸರಿಯಾಗಿ ಕೂರುವುದಿಲ್ಲ ನಿಜ. ನಾವು ‘ಹುಡುಗನ ಜೊತೆ’ ಎಂದು ಷಷ್ಠೀ ಬಳಸುವ ಕಡೆ ಜರ್ಮನ್‌ನ ‘ಮಿಟ್’ ಡಾಟಿವ್ ಕೇಳುತ್ತದೆ. ಆದರೆ ವಿಭಕ್ತಿ ಎಂದರೇನು ಎಂಬುದೇ ಹೊಸದಾದವನಿಗೆ ಇರುವ ಕಷ್ಟ ನಿಮಗಿಲ್ಲ.

ಈಗ ಮುಖ್ಯ ವಿಷಯ. ಕನ್ನಡದಲ್ಲಿ ಈ ವಿಭಕ್ತಿಯ ಗುರುತು ನಾಮಪದದ ಬಾಲದಲ್ಲಿರುತ್ತದೆ. ಮನೆಯನ್ನು, ಮನೆಗೆ, ಮನೆಯ. ಜರ್ಮನ್ ನಾಮಪದಕ್ಕೆ ಅಂಥ ಬಾಲ ಬಹಳ ಕಡಿಮೆ. ಗುರುತು ನಾಮಪದದ ಮುಂದೆ, ಆರ್ಟಿಕಲ್ ಎಂಬ ಪುಟ್ಟ ಮಾತಿನಲ್ಲಿರುತ್ತದೆ. ‘ಡೇರ್’ ಎಂದರೆ ಪುಲ್ಲಿಂಗ, ‘ಡೀ’ ಸ್ತ್ರೀಲಿಂಗ, ‘ಡಾಸ್’ ನಪುಂಸಕ. ಪುಲ್ಲಿಂಗದ ‘ಡೇರ್’ ದ್ವಿತೀಯೆಯಲ್ಲಿ ‘ಡೇನ್’, ಚತುರ್ಥಿಯಲ್ಲಿ ‘ಡೇಮ್’, ಷಷ್ಠಿಯಲ್ಲಿ ‘ಡೆಸ್’ ಆಗುತ್ತದೆ. ಕೊನೆಯ ಅಕ್ಷರ ನೋಡಿ: ಆರ್, ಎನ್, ಎಮ್, ಎಸ್. ಆ ಕೊನೆಯ ಅಕ್ಷರವೇ ಗುರುತು.

ಬೋರ್ಡು ಮತ್ತು ಕಂಡಕ್ಟರ್

ಸಿಟಿ ಬಸ್ಸಿನಲ್ಲಿ ಓಡಾಡುವ ನಿಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಬಸ್ಸಿನ ಮುಂದೆ ಬೋರ್ಡು ಇದ್ದರೆ ಕಂಡಕ್ಟರ್ ಕೂಗುವುದಿಲ್ಲ. ಜನ ಓದಿಕೊಂಡು ಹತ್ತುತ್ತಾರೆ. ಬೋರ್ಡು ಇಲ್ಲದಿದ್ದರೆ? ಕಂಡಕ್ಟರ್ ಬಾಗಿಲಲ್ಲಿ ನೇತಾಡಿಕೊಂಡು ‘ಮೆಜೆಸ್ಟಿಕ್, ಮೆಜೆಸ್ಟಿಕ್’ ಎಂದು ಗಂಟಲು ಹರಿದುಕೊಳ್ಳಬೇಕು. ಬಸ್ಸು ಎಲ್ಲಿಗೆ ಹೋಗುತ್ತದೆ ಎಂಬುದು ಜನರಿಗೆ ಹೇಗಾದರೂ ಒಂದು ಸಲ ತಿಳಿಯಬೇಕು, ಅಷ್ಟೇ.

ಜರ್ಮನ್‌ನಲ್ಲಿ ಆರ್ಟಿಕಲ್ ಬೋರ್ಡು, ಗುಣವಾಚಕ ಕಂಡಕ್ಟರ್. ನಾಮಪದದ ಲಿಂಗ–ವಿಭಕ್ತಿಯ ಗುರುತನ್ನು ಇಬ್ಬರಲ್ಲಿ ಒಬ್ಬರು ಹೇಳಲೇಬೇಕು. ಆರ್ಟಿಕಲ್ ಹೇಳಿಬಿಟ್ಟರೆ ಗುಣವಾಚಕ ಆರಾಮಾಗಿ ‘ಎ’ ಅಥವಾ ‘ಎನ್’ ಎಂದು ಗೊಣಗಿ ಕೂರುತ್ತದೆ. ಆರ್ಟಿಕಲ್ ಹೇಳದಿದ್ದರೆ ಗುಣವಾಚಕವೇ ಆ ಗುರುತನ್ನು ತನ್ನ ಬಾಲಕ್ಕೆ ಕಟ್ಟಿಕೊಂಡು ಕೂಗಬೇಕು. ಇಡೀ 48 ಮನೆಯ ಗುಟ್ಟು ಇದೇ!

ಉದಾಹರಣೆಗೆ ಕಾಫಿ. ಜರ್ಮನ್‌ನಲ್ಲಿ ‘ಕಾಫೆ’, ಪುಲ್ಲಿಂಗ. ಒಳ್ಳೆಯ ಎಂಬುದಕ್ಕೆ ‘ಗೂಟ್’. ‘ಆ ಒಳ್ಳೆಯ ಕಾಫಿ’ ಎನ್ನಲು ‘ಡೇರ್ ಗೂಟೆ ಕಾಫೆ’. ‘ಡೇರ್’ ಎಂಬ ಬೋರ್ಡಿನಲ್ಲಿ ಆರ್ ಇದೆ, ಗೂಟ್ ಸುಮ್ಮನೆ ‘ಎ’ ಎಂದಿತು. ಬರೀ ‘ಒಳ್ಳೆಯ ಕಾಫಿ’ ಎಂದಾಗ ಬೋರ್ಡಿಲ್ಲ. ಆಗ ‘ಗೂಟೆರ್ ಕಾಫೆ’. ಡೇರ್‌ನಲ್ಲಿದ್ದ ಆರ್ ಗೂಟ್‌ನ ಬಾಲಕ್ಕೆ ಬಂದು ಕೂತಿತು. ನೀರು ‘ವಾಸ್ಸರ್’ ನಪುಂಸಕ: ‘ಡಾಸ್ ಗೂಟೆ ವಾಸ್ಸರ್’, ಬೋರ್ಡು ತೆಗೆದರೆ ‘ಗೂಟೆಸ್ ವಾಸ್ಸರ್’. ಡಾಸ್‌ನ ಎಸ್ ಜಿಗಿಯಿತು. ಹಾಲು ‘ಮಿಲ್ಶ್’ ಸ್ತ್ರೀಲಿಂಗ: ‘ಡೀ ಗೂಟೆ ಮಿಲ್ಶ್’, ಬೋರ್ಡಿಲ್ಲದೆಯೂ ‘ಗೂಟೆ ಮಿಲ್ಶ್’. ಇಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಯಾಕೆಂದರೆ ಸ್ತ್ರೀಲಿಂಗದ ಗುರುತೇ ‘ಎ’.

ಹಾಗಾದರೆ ಬೋರ್ಡು ಇದ್ದಾಗ ಎಲ್ಲಿ ‘ಎ’, ಎಲ್ಲಿ ‘ಎನ್’? ಇದೂ ಸುಲಭ. ಏಕವಚನದಲ್ಲಿ ಆರ್ಟಿಕಲ್ ತನ್ನ ಮೂಲ ರೂಪದಲ್ಲೇ ಇದ್ದರೆ, ಅಂದರೆ ಪುಲ್ಲಿಂಗಕ್ಕೆ ಡೇರ್, ಸ್ತ್ರೀಲಿಂಗಕ್ಕೆ ಡೀ, ನಪುಂಸಕಕ್ಕೆ ಡಾಸ್ ಇದ್ದರೆ, ‘ಎ’. ಅದು ಬದಲಾಗಿ ಡೇನ್, ಡೇಮ್, ಡೆಸ್ ಆದರೆ, ಸ್ತ್ರೀಲಿಂಗದ ಡೀ ಹೋಗಿ ಡೇರ್ ಆದರೆ, ಅಥವಾ ಬಹುವಚನ ಬಂದರೆ ‘ಎನ್’. ಹದಿನಾರು ಮನೆಯಲ್ಲಿ ಐದು ಮನೆಗೆ ‘ಎ’, ಉಳಿದ ಹನ್ನೊಂದಕ್ಕೆ ‘ಎನ್’. ಮೊದಲನೆಯ ಪಟ್ಟಿ ಮುಗಿಯಿತು.

ಎರಡನೆಯ ಪಟ್ಟಿ ‘ಐನ್’ ಎಂಬ ಆರ್ಟಿಕಲ್ಲಿನದು. ಐನ್ ಎಂದರೆ ‘ಒಂದು’. ‘ನನ್ನ’ ಎನ್ನುವ ಮೈನ್, ‘ಇಲ್ಲ’ ಎನ್ನುವ ಕೈನ್ ಕೂಡ ಇದೇ ಜಾತಿ. ಈ ಬೋರ್ಡು ಮೂರೇ ಮೂರು ಕಡೆ ಖಾಲಿ: ಪುಲ್ಲಿಂಗದ ಪ್ರಥಮೆಯಲ್ಲಿ, ನಪುಂಸಕದ ಪ್ರಥಮೆ ಮತ್ತು ದ್ವಿತೀಯೆಯಲ್ಲಿ. ಅಲ್ಲಿ ಬರೀ ‘ಐನ್’ ಎಂದಿರುತ್ತದೆ. ಕಾಫಿಯೋ ನೀರೋ, ಗಂಡೋ ನಪುಂಸಕವೋ ತಿಳಿಯದು. ಬೋರ್ಡು ಖಾಲಿ ಇದ್ದರೆ ಯಾರು ಕೂಗಬೇಕು? ಕಂಡಕ್ಟರ್. ಅದಕ್ಕೇ ‘ಐನ್ ಗೂಟೆರ್ ಕಾಫೆ’, ‘ಐನ್ ಗೂಟೆಸ್ ವಾಸ್ಸರ್’. ಉಳಿದ ಹದಿಮೂರು ಮನೆ ಮೊದಲ ಪಟ್ಟಿಯಂತೆಯೇ. ಎರಡನೆಯ ಪಟ್ಟಿಯೂ ಮುಗಿಯಿತು.

ಮೂರನೆಯದು ಬೋರ್ಡೇ ಇಲ್ಲದ ಪಟ್ಟಿ. ಅಲ್ಲಿ ಗುಣವಾಚಕ ಡೇರ್, ಡೀ, ಡಾಸ್‌ನ ಬಾಲವನ್ನೇ ಹಾಕಿಕೊಳ್ಳುತ್ತದೆ. ಹದಿನಾರರಲ್ಲಿ ಎರಡೇ ಮನೆ ಬೇರೆ. ಪುಲ್ಲಿಂಗ ಮತ್ತು ನಪುಂಸಕದ ಷಷ್ಠಿಯಲ್ಲಿ ಎಸ್ ಬರಬೇಕಿತ್ತು, ‘ಎನ್’ ಬರುತ್ತದೆ. ‘ಒಳ್ಳೆಯ ಕಾಫಿಯ’ ಎನ್ನಲು ‘ಗೂಟೆನ್ ಕಾಫೆಸ್’. ಯಾಕೆ ಗೊತ್ತೇ? ಅಲ್ಲಿ ನಾಮಪದ ತಾನೇ ಎಸ್ ಹಾಕಿಕೊಂಡಿದೆ! ಕಾಫೆ ಹೋಗಿ ಕಾಫೆಸ್ ಆಗಿದೆ. ಪ್ರಯಾಣಿಕರೇ ‘ಮೆಜೆಸ್ಟಿಕ್’ ಎಂದು ಕೂಗುತ್ತಿರುವಾಗ ಕಂಡಕ್ಟರ್ ಯಾಕೆ ಕೂಗಬೇಕು? ಟ್ಯೂಷನ್‌ನವರು ‘ಇದು ಎಕ್ಸೆಪ್ಷನ್, ಬಾಯಿಪಾಠ ಮಾಡಿ’ ಎನ್ನುವ ಎರಡು ಮನೆ ನಿಜವಾಗಿ ನಿಯಮಕ್ಕೆ ಸಾಕ್ಷಿ ಹೇಳುವ ಮನೆಗಳು.

ಈಗ ನನ್ನ ತಪ್ಪಿಗೆ ಬನ್ನಿ. ‘ಮಿಟ್’ ಚತುರ್ಥಿ ಕೇಳುತ್ತದೆ. ‘ಇಂಟೆರೆಸ್ಸೆ’ ನಪುಂಸಕ. ನಪುಂಸಕದ ಚತುರ್ಥಿಯ ಗುರುತು ಎಮ್. ಮುಂದೆ ಆರ್ಟಿಕಲ್ ಇಲ್ಲ. ಹಾಗಾದರೆ ಆ ಎಮ್ ಯಾರು ಹೇಳಬೇಕು? ಗ್ರೋಸ್ ಹೇಳಬೇಕು. ಗ್ರೋಸೆಮ್. ಕಾರಣ ತಿಳಿದವನ ಕಣ್ಣಿಗೆ ‘ಗ್ರೋಸೆನ್’ ಎಂಬುದು ಬೋರ್ಡೂ ಇಲ್ಲದ, ಕೂಗೂ ಇಲ್ಲದ ಬಸ್ಸಿನ ಹಾಗೆ ಕಾಣುತ್ತದೆ. ಪಟ್ಟಿ ಮಾತ್ರ ತಿಳಿದವನಿಗೆ ಪಟ್ಟಿಯಲ್ಲೇ ತಪ್ಪಿದ್ದರೆ ದೇವರೇ ಗತಿ. ನೂರಾರು ಮಕ್ಕಳಿಗೆ ಆದದ್ದು ಅದೇ.

ಬೀದಿಯಲ್ಲೇ ಪಾಠ ಇದೆ

ಬೋರ್ಡು ಓದುವುದು ಪ್ರೆಸ್ಸಿನವರ ಚಟ. ಜರ್ಮನಿಯ ಸಂಸ್ಥೆಗಳ ಹೆಸರುಗಳನ್ನೇ ತೆಗೆದುಕೊಳ್ಳಿ. ಅಲ್ಲಿನ ಸಂಸತ್ತು ‘ಡಾಯ್ಚೆರ್ ಬುಂಡೆಸ್ಟಾಗ್’. ರೈಲು ಕಂಪನಿ ‘ಡಾಯ್ಚೆ ಬಾನ್’. ಮ್ಯೂನಿಕ್ಕಿನ ದೊಡ್ಡ ವಿಜ್ಞಾನ ಸಂಗ್ರಹಾಲಯ ‘ಡಾಯ್ಚೆಸ್ ಮುಸೇಉಮ್’. ಮೂರರಲ್ಲೂ ಇರುವುದು ‘ಜರ್ಮನ್’ ಎಂಬ ಒಂದೇ ಗುಣವಾಚಕ, ‘ಡಾಯ್ಚ್’. ಬಾಲ ಮಾತ್ರ ಬೇರೆ ಬೇರೆ. ಹೆಸರಿನ ಮುಂದೆ ಆರ್ಟಿಕಲ್ ಇಲ್ಲ, ಆದ್ದರಿಂದ ಡಾಯ್ಚ್ ಕೂಗುತ್ತಿದೆ: ಟಾಗ್ ಪುಲ್ಲಿಂಗ, ಬಾನ್ ಸ್ತ್ರೀಲಿಂಗ, ಮುಸೇಉಮ್ ನಪುಂಸಕ. ಈ ಮೂರು ಹೆಸರು ನೆನಪಿಟ್ಟರೆ ಮೂರನೆಯ ಪಟ್ಟಿಯ ಮೊದಲ ಸಾಲು ನಿಮ್ಮ ಜೇಬಿನಲ್ಲಿದೆ.

ನರ್ಸಿಂಗ್ ಓದಿದವರು ರೆಡ್ ಕ್ರಾಸ್ ನೋಡಿ. ‘ಡಾಯ್ಚೆಸ್ ರೋಟೆಸ್ ಕ್ರಾಯ್ಟ್ಸ್’. ಎರಡು ಗುಣವಾಚಕ ಬಂದರೆ ಎರಡಕ್ಕೂ ಒಂದೇ ಬಾಲ, ಎಸ್ ಮತ್ತು ಎಸ್. ಮುಂದೆ ಆರ್ಟಿಕಲ್ ಸೇರಿಸಿದರೆ ‘ಡಾಸ್ ಡಾಯ್ಚೆ ರೋಟೆ ಕ್ರಾಯ್ಟ್ಸ್’. ಬೋರ್ಡು ಬಂತು, ಇಬ್ಬರೂ ಬಾಯಿ ಮುಚ್ಚಿದರು. ‘ರೆಡ್ ಕ್ರಾಸಿನಲ್ಲಿ ಕೆಲಸ’ ಎನ್ನಲು ‘ಬೈಮ್ ಡಾಯ್ಚೆನ್ ರೋಟೆನ್ ಕ್ರಾಯ್ಟ್ಸ್’. ಬೈಮ್ ಎಂದರೆ ಬೈ ಮತ್ತು ಡೇಮ್ ಸೇರಿದ್ದು. ಎಮ್ ಆಗಲೇ ಹೇಳಿಯಾಯಿತು, ಇಬ್ಬರಿಗೂ ‘ಎನ್’ ಸಾಕು.

ದಿನಬಳಕೆಯ ಮಾತಿನಲ್ಲೂ ಇದೇ ಇದೆ. ಬೆಳಿಗ್ಗೆ ‘ಗೂಟೆನ್ ಮೋರ್ಗೆನ್’, ರಾತ್ರಿ ‘ಗೂಟೆ ನಾಖ್ಟ್’. ಬೆಳಿಗ್ಗೆಗೆ ಗೂಟೆನ್, ರಾತ್ರಿಗೆ ಗೂಟೆ ಯಾಕೆ? ‘ನಿಮಗೆ ಶುಭ ಮುಂಜಾನೆಯನ್ನು ಹಾರೈಸುತ್ತೇನೆ’ ಎಂಬುದರ ಮೊಟಕು ಅದು, ಅಂದರೆ ದ್ವಿತೀಯೆ. ಮೋರ್ಗೆನ್ ಪುಲ್ಲಿಂಗ, ದ್ವಿತೀಯೆಯ ಗುರುತು ಎನ್. ನಾಖ್ಟ್ ಸ್ತ್ರೀಲಿಂಗ, ಗುರುತು ‘ಎ’. ರೋಗಿಗೆ ‘ಬೇಗ ಗುಣವಾಗಿ’ ಎನ್ನಲು ‘ಗೂಟೆ ಬೆಸ್ಸೆರುಂಗ್’, ಸ್ತ್ರೀಲಿಂಗ. ವಾರದ ಕೊನೆಗೆ ‘ಶ್ಯೋನೆಸ್ ವೊಖೆನೆಂಡೆ’, ನಪುಂಸಕ. ಪಾಳಿ ಮುಗಿಸಿ ಹೊರಡುವ ಗೆಳತಿಗೆ ‘ಶ್ಯೋನೆನ್ ಫೈಯರ್‌ಆಬೆಂಟ್’, ಪುಲ್ಲಿಂಗ. ಈ ಐದು ಮಾತು ಬಾಯಿಗೆ ಬಂದವನಿಗೆ ಪಟ್ಟಿಯ ಇನ್ನೊಂದು ಸಾಲೂ ಬಂತು.

ಪತ್ರದ ಕೊನೆಗೆ ಹಾಕುವ ‘ಮಿಟ್ ಫ್ರಾಯ್ಂಡ್‌ಲಿಶೆನ್ ಗ್ರ್ಯೂಸೆನ್’ ನೋಡಿ. ‘ಸ್ನೇಹದ ವಂದನೆಗಳೊಂದಿಗೆ’. ಇಲ್ಲಿ ಎನ್ ಸರಿ, ಯಾಕೆಂದರೆ ವಂದನೆಗಳು ಬಹುವಚನ, ಬಹುವಚನದ ಚತುರ್ಥಿಯ ಗುರುತೇ ಎನ್. ಅದನ್ನೇ ಏಕವಚನ ಮಾಡಿದರೆ ‘ಮಿಟ್ ಫ್ರಾಯ್ಂಡ್‌ಲಿಶೆಮ್ ಗ್ರೂಸ್’, ಎಮ್ ಬರುತ್ತದೆ. ನನ್ನ ಅಕ್ಕನ ಮಗಳ ಪತ್ರದ ಕೊನೆಯ ಸಾಲು ಸರಿ ಇತ್ತು, ಮೊದಲ ಸಾಲು ತಪ್ಪಿತ್ತು. ಎರಡರಲ್ಲೂ ಅವಳು ಬರೆದದ್ದು ‘ಎನ್’. ಒಂದು ಕಡೆ ಅದೃಷ್ಟ ಕೈಹಿಡಿಯಿತು, ಇನ್ನೊಂದು ಕಡೆ ಕೈಕೊಟ್ಟಿತು. ಅದೃಷ್ಟವನ್ನು ನಂಬಿ ವಿಮಾನ ಹತ್ತಲಾಗುತ್ತದೆಯೇ?

‘ಕನ್ನಡ ಮೀಡಿಯಮ್ಮಿನವರಿಗೆ ಬರಲ್ಲ’!

ಇನ್ನು ನನ್ನ ರಕ್ತ ಕುದಿಸಿದ ಮಾತಿಗೆ ಬರುತ್ತೇನೆ. ಆ ಕೇಂದ್ರದಲ್ಲಿ ಪಾಠ ಹೇಳುವವರೊಬ್ಬರು ನನ್ನ ಅಕ್ಕನ ಮಗಳಿಗೆ ಎಲ್ಲರೆದುರು ಹೇಳಿದ್ದರಂತೆ: ‘ಕನ್ನಡ ಮೀಡಿಯಮ್ಮಿಂದ ಬಂದೋರಿಗೆ ಗ್ರಾಮರ್ ತಲೆಗೆ ಹೋಗಲ್ಲ’ ಎಂದು. ಸ್ವಾಮಿ, ಇಂಗ್ಲಿಷಿನಲ್ಲಿ ಈ ಪಾಠಕ್ಕೆ ಬೇಕಾದ ಸಾಮಾನೇ ಇವತ್ತು ಉಳಿದಿಲ್ಲ! ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಜರ್ಮನ್‌ನ ಹಾಗೆಯೇ ಗುಣವಾಚಕಕ್ಕೆ ಬಾಲಗಳಿದ್ದವು. ಕಾಲ ಕಳೆದಂತೆ ಉದುರಿಹೋದವು. ಇವತ್ತು ‘ಗುಡ್’ ಎಲ್ಲಿ ಇಟ್ಟರೂ ‘ಗುಡ್’. ವಿಭಕ್ತಿ ಎಂಬುದು ಜೀವಂತವಾಗಿ ಬಾಯಲ್ಲಿ ಆಡುತ್ತಿರುವುದು ಕನ್ನಡದ ಮಕ್ಕಳಿಗೆ.

ಕನ್ನಡದಲ್ಲಿ ಗುಣವಾಚಕ ಬದಲಾಗುವುದಿಲ್ಲವಲ್ಲ ಎನ್ನುತ್ತೀರಾ? ದೊಡ್ಡ ಮನೆ, ದೊಡ್ಡ ಮನೆಯನ್ನು, ದೊಡ್ಡ ಮನೆಗೆ. ಹೌದು, ‘ದೊಡ್ಡ’ ಅಲುಗಾಡುವುದಿಲ್ಲ. ಆದರೆ ‘ಮನೆ’ ಎಂಬ ಮಾತನ್ನು ತೆಗೆದುಬಿಡಿ. ದೊಡ್ಡದು, ದೊಡ್ಡದನ್ನು, ದೊಡ್ಡದಕ್ಕೆ. ಮನುಷ್ಯರಾದರೆ ದೊಡ್ಡವನು, ದೊಡ್ಡವಳಿಗೆ, ದೊಡ್ಡವರನ್ನು. ನೋಡಿದಿರಾ? ಗುರುತು ಹೊರುವ ನಾಮಪದ ಎದ್ದು ಹೋದ ಕೂಡಲೇ ಲಿಂಗ, ವಚನ, ವಿಭಕ್ತಿ ಮೂರೂ ಬಂದು ಗುಣವಾಚಕದ ಹೆಗಲೇರಿದವು. ಹೊರುವವನು ಇದ್ದರೆ ಉಳಿದವನು ಆರಾಮ, ಇಲ್ಲದಿದ್ದರೆ ಇವನೇ ಹೊರಬೇಕು. ಜರ್ಮನ್‌ನಲ್ಲಿ ಹೊರುವವನು ಆರ್ಟಿಕಲ್, ನಮ್ಮಲ್ಲಿ ನಾಮಪದ. ನ್ಯಾಯ ಒಂದೇ. ಜರ್ಮನಿಯವನು ಎನ್ನಲು ಅವರು ಬಳಸುವುದೂ ಇಂಥದೇ ಮಾತು: ‘ಡೇರ್ ಡಾಯ್ಚೆ’, ಆದರೆ ‘ಐನ್ ಡಾಯ್ಚೆರ್’. ಗುಣವಾಚಕವೇ ನಾಮಪದವಾಗಿ ನಿಂತಿದೆ, ನಮ್ಮ ‘ದೊಡ್ಡವನು’ ನಿಂತ ಹಾಗೆ. ಕಲಿಸುವವರು ಇದನ್ನು ಐದು ನಿಮಿಷ ಹೇಳಿದ್ದರೆ ಆ ಹುಡುಗಿ ಅಳುತ್ತಾ ಬರಬೇಕಿರಲಿಲ್ಲ.

ಮಾರ್ಕ್ಸಿಗಾಗಿ ಸಂಸ್ಕೃತ ತೆಗೆದುಕೊಂಡವರು ನಿಮ್ಮಲ್ಲಿ ಬಹಳ ಜನ ಇದ್ದೀರಿ. ಅಲ್ಲಿ ಉತ್ತಮಃ ಬಾಲಕಃ, ಉತ್ತಮಂ ಬಾಲಕಂ ಎಂದು ವಿಶೇಷಣಕ್ಕೂ ವಿಶೇಷ್ಯಕ್ಕೂ ಇಬ್ಬರಿಗೂ ಪೂರ್ತಿ ಬಾಲ. ಜರ್ಮನ್ ಅದಕ್ಕಿಂತ ಜಿಪುಣ. ಒಬ್ಬರು ಹೇಳಿದರೆ ಸಾಕು ಎನ್ನುತ್ತದೆ. ಕಷ್ಟ ಯಾವುದು ಹೇಳಿ?

ಇನ್ನೊಂದು ಮಾತು. ಜರ್ಮನಿಯವರು ನಮ್ಮ ವಿಭಕ್ತಿ ಕಲಿತ ಕಥೆ ಅಚ್ಚುಕೂಟದವನಾದ ನನಗೆ ಮರೆಯಲಾಗದು. ಹರ್ಮನ್ ಮೋಗ್ಲಿಂಗ್ 1843ರಲ್ಲಿ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ ಹೊರತಂದ, ಅದೇ ಕನ್ನಡದ ಮೊದಲ ಪತ್ರಿಕೆ. ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಇಲ್ಲಿಗೆ ಬಂದಾಗ ಇಪ್ಪತ್ತೊಂದರ ಹುಡುಗ. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದ, 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಕೊಟ್ಟ, 1903ರಲ್ಲಿ ಕನ್ನಡ ವ್ಯಾಕರಣ ಬರೆದ. ಅವನು ಪಟ್ಟಿ ಉರುಹೊಡೆದು ಕೂತಿದ್ದರೆ ಹದಿಮೂರನೆಯ ಶತಮಾನದ ವ್ಯಾಕರಣವನ್ನು ಸಂಪಾದಿಸಲಾಗುತ್ತಿತ್ತೇ? ‘ಯಾಕೆ’ ಎಂದು ಕೇಳಿ ಕಲಿತ. ಅವರ ಹುಡುಗ ನಮ್ಮ ಏಳು ವಿಭಕ್ತಿ ಕಲಿತ ಎಂದ ಮೇಲೆ ನಮ್ಮ ಹುಡುಗಿ ಅವರ ನಾಲ್ಕು ಕಲಿಯಲಾರಳೇ?

‘ಅರ್ಥ ಆದರೆ ಸಾಕಲ್ಲ’ ಎನ್ನುವವರಿಗೆ

ಬಾಲ ತಪ್ಪಿದರೂ ಜರ್ಮನಿಯವರಿಗೆ ಅರ್ಥವಾಗುತ್ತದೆ, ಯಾಕಿಷ್ಟು ತಲೆಬಿಸಿ ಎನ್ನುವವರೂ ಇದ್ದಾರೆ. ಮಾತಿನಲ್ಲಿ ನಡೆಯುತ್ತದೆ, ಒಪ್ಪಿದೆ. ಬಾಲಕ್ಕೆ ಹೆದರಿ ಬಾಯಿ ಕಟ್ಟಿ ಕೂರುವುದಕ್ಕಿಂತ ತಪ್ಪು ಮಾತಾಡುವುದು ಎಷ್ಟೋ ಮೇಲು. ಆದರೆ ಬರಹದ ಮಾತು ಬೇರೆ. ನಾನು ಲಗ್ನಪತ್ರಿಕೆಯಲ್ಲಿ ವರನ ಹೆಸರಿನ ಮುಂದೆ ‘ಚಿ॥ ಕುಂ॥ ಸೌ॥’ ಎಂದು, ವಧುವಿನ ಹೆಸರಿನ ಮುಂದೆ ‘ಚಿ॥ ರಾ॥’ ಎಂದು ಅಚ್ಚು ಹಾಕಿದರೆ ಮದುವೆ ಯಾರದು ಎಂದು ಎಲ್ಲರಿಗೂ ಅರ್ಥವಾಗುತ್ತದೆ. ಹಾಗೆಂದು ಗಿರಾಕಿ ದುಡ್ಡು ಕೊಡುತ್ತಾನೆಯೇ? ಮುಖಕ್ಕೆ ಎಸೆದು ಹೋಗುತ್ತಾನೆ. ನರ್ಸ್ ಕೆಲಸಕ್ಕೆ ಬಿ ಒಂದು, ಬಿ ಎರಡು ಮಟ್ಟದ ಪರೀಕ್ಷೆ ಬರೆಯುವವರು ಪತ್ರ ಬರೆಯಲೇಬೇಕು, ಅಲ್ಲಿ ಬಾಲ ಎಣಿಸಿ ನೋಡುವವರು ಕೂತಿರುತ್ತಾರೆ.

ಈ ಬಾಲಗಳನ್ನು ನೋಡಿ ಗಾಬರಿಯಾದವರು ನಾವೇ ಮೊದಲಲ್ಲ. ಅಮೆರಿಕದ ಹಾಸ್ಯಗಾರ ಮಾರ್ಕ್ ಟ್ವೇನ್ 1880ರಲ್ಲೇ ಜರ್ಮನ್ ಭಾಷೆಯನ್ನು ಗೇಲಿ ಮಾಡಿ ಒಂದು ಪ್ರಬಂಧ ಬರೆದ, ಗುಣವಾಚಕದ ಬಾಲವನ್ನು ಅದರಲ್ಲಿ ಬಿಡಲಿಲ್ಲ. ಬಾಲಗಳಿಗೆ ‘ಬಲವಾದ’, ‘ದುರ್ಬಲ’ ಎಂದು ಹೆಸರಿಟ್ಟವನು ಯಾಕೋಬ್ ಗ್ರಿಮ್, ನಾವು ಚಿಕ್ಕಂದಿನಲ್ಲಿ ಓದಿದ ಗ್ರಿಮ್ ಸಹೋದರರ ಕಥೆಗಳ ಅದೇ ಗ್ರಿಮ್. 1819ರ ತನ್ನ ವ್ಯಾಕರಣದಲ್ಲಿ ಬಳಸಿದ. ಗುರುತು ಹೊರುವುದು ಬಲವಾದ ಬಾಲ, ಹೊರದೆ ಸುಮ್ಮನಿರುವುದು ದುರ್ಬಲ ಬಾಲ. ಹೆಸರಿನಲ್ಲೇ ಕಾರಣ ಇದೆ. ನಮ್ಮ ನೋಟ್ಸುಗಳಲ್ಲಿ ‘ಟೇಬಲ್ ಒಂದು, ಎರಡು, ಮೂರು’ ಎಂದು ಬರೆದು ಆ ಕಾರಣವನ್ನೂ ಅಳಿಸಿಹಾಕಿದ್ದಾರೆ.

ಪ್ರೂಫ್ ನೋಡುವ ಕ್ರಮ

ನಾನು ಹಿಡಿದ ದಾರಿ ಹೇಳುತ್ತೇನೆ. ಪ್ರೂಫ್ ನೋಡುವವನು ಸಾಲಿನ ಮೇಲೆ ಬೆರಳಿಟ್ಟುಕೊಂಡು ಹೋಗುತ್ತಾನಲ್ಲ, ಹಾಗೆ. ಗುಣವಾಚಕದ ಮೇಲೆ ಬೆರಳಿಡಿ. ಮೊದಲ ಪ್ರಶ್ನೆ: ಮುಂದೆ ನಾಮಪದ ಇದೆಯೇ? ‘ಕಾಫಿ ಚೆನ್ನಾಗಿದೆ’ ಎನ್ನುವ ‘ಡೇರ್ ಕಾಫೆ ಇಸ್ಟ್ ಗೂಟ್’ ಎಂಬಲ್ಲಿ ಗೂಟ್ ಕೊನೆಗೆ ಒಂಟಿಯಾಗಿದೆ, ಬಾಲವೇ ಬೇಡ. ಎರಡನೆಯ ಪ್ರಶ್ನೆ: ನಾಮಪದದ ಲಿಂಗ ಯಾವುದು, ವಿಭಕ್ತಿ ಯಾವುದು, ಅದರ ಗುರುತಿನ ಅಕ್ಷರ ಯಾವುದು? ಮೂರನೆಯ ಪ್ರಶ್ನೆ: ಆ ಅಕ್ಷರ ಹಿಂದಿನ ಬೋರ್ಡಿನಲ್ಲಿ ಆಗಲೇ ಇದೆಯೇ? ಇದ್ದರೆ ‘ಎ’ ಅಥವಾ ‘ಎನ್’. ಇಲ್ಲದಿದ್ದರೆ ಆ ಅಕ್ಷರವನ್ನೇ ಬಾಲಕ್ಕೆ ಕಟ್ಟಿ. ಮೊದಲು ಒಂದು ಸಾಲಿಗೆ ಐದು ನಿಮಿಷ ಹಿಡಿಯುತ್ತದೆ. ಎರಡು ತಿಂಗಳಾದ ಮೇಲೆ ಬೆರಳು ಬೇಡ, ಕಣ್ಣೇ ಹಿಡಿಯುತ್ತದೆ.

ಚಿಲ್ಲರೆ ವಿಚಾರ ಕೆಲವು ಇವೆ. ಗುಲಾಬಿ ಬಣ್ಣದ ‘ರೋಸಾ’, ನೇರಳೆಯ ‘ಲೀಲಾ’ ಬಾಲ ಹಚ್ಚಿಕೊಳ್ಳುವುದಿಲ್ಲ. ಊರಿನ ಹೆಸರಿಗೆ ‘ಎರ್’ ಹಚ್ಚಿದ ಮಾತು ಎಂದೂ ಬದಲಾಗುವುದಿಲ್ಲ, ನಮ್ಮ ‘ಬೆಂಗಳೂರಿನ’ ಬದಲಾಗದ ಹಾಗೆ. ನನ್ನ ಪ್ರೆಸ್ಸಿನ ಮೂಲೆಯಲ್ಲಿ ಅಪ್ಪನ ಕಾಲದಿಂದ ಒಂದು ಹಳೆಯ ಹೈಡೆಲ್‌ಬರ್ಗ್ ಇದೆ. ಈಗ ನಂಬರ್ ಹಾಕಲು, ಮಡಿಕೆ ಗೆರೆ ಒತ್ತಲು ಬಳಸುತ್ತೇನೆ. ಅದನ್ನು ಮಾಡಿದ ಕಂಪನಿಯ ಇಂದಿನ ಹೆಸರು ‘ಹೈಡೆಲ್‌ಬರ್ಗರ್ ಡ್ರುಕ್‌ಮಶೀನೆನ್’. ಇಷ್ಟು ವರ್ಷ ಎಣ್ಣೆ ಬಿಟ್ಟ ಯಂತ್ರದ ಊರಿನವರ ವ್ಯಾಕರಣ ಅದರ ಹೆಸರಲ್ಲೇ ಇದೆ ಎಂದು ನನಗೆ ಗೊತ್ತಾದದ್ದು ಈಗ.

ನನ್ನ ಅಕ್ಕನ ಮಗಳು ಬಿ ಒಂದು ಪಾಸಾಗಿ ಈಗ ಬಿ ಎರಡು ಓದುತ್ತಿದ್ದಾಳೆ. ಹೊಸದಾಗಿ ಪತ್ರ ಬರೆದಿದ್ದಾಳೆ. ಕಳಿಸುವ ಮುಂಚೆ ನನ್ನ ಮೇಜಿನ ಮೇಲೆ ಇಟ್ಟು, “ಪ್ರೂಫ್ ನೋಡು ಮಾವ” ಎಂದಳು. ಮೊದಲ ಸಾಲಿನ ಮೇಲೆ ಬೆರಳಿಟ್ಟೆ. ‘ಮಿಟ್ ಗ್ರೋಸೆಮ್ ಇಂಟೆರೆಸ್ಸೆ’. ಎಮ್ ಇತ್ತು. ಯಾಕೆ ಎಮ್ ಎಂದು ಕೇಳಿದೆ. “ಬೋರ್ಡು ಇಲ್ವಲ್ಲ ಮಾವ, ಕಂಡಕ್ಟ್ರೇ ಕೂಗಬೇಕು” ಎಂದು ನಕ್ಕಳು.

ಗೆಳೆಯರೇ, ಜರ್ಮನ್ ಕಲಿಯಲು ಹೊರಟಿದ್ದರೆ ಕಲಿಯಿರಿ. ಆದರೆ ಮೇಷ್ಟ್ರು ಕೋಷ್ಟಕ ಕೈಗಿಟ್ಟ ದಿನ ಸುಮ್ಮನೆ ಜೇಬಿಗಿಟ್ಟುಕೊಳ್ಳಬೇಡಿ. ಎದ್ದು ನಿಂತು ‘ಯಾಕೆ ಸಾರ್?’ ಎಂದು ಕೇಳಿ. ಹೇಳದಿದ್ದರೆ ಮತ್ತೆ ಕೇಳಿ. ಫೀಸು ಕೊಟ್ಟಿರುವುದು ಪಟ್ಟಿಗಲ್ಲ, ಆ ‘ಯಾಕೆ’ಗೆ. ಪಟ್ಟಿ ಬೇಕಿದ್ದರೆ ನಾನೇ ಅಚ್ಚು ಹಾಕಿ ಕೊಡುತ್ತೇನೆ. ಈ ಸಲ ತಪ್ಪಿಲ್ಲದೆ!